ಬೇಸರವಾಗದಷ್ಟು ಕಾಲ

ಶಾಲೆ ಮಕ್ಕಳ ಶೂಗಳ ಅಟ್ಟೆಗೆ ಎರಡು ಸಲ ಬಳಿಯುತ್ತಿದ್ದ ಅಂಟನ್ನು ಕಂಪನಿ ಒಂದು ಸಲಕ್ಕೆ ಇಳಿಸಿತು. ಬೆಲೆ ಇಳಿಸಲಿಲ್ಲ.

ಇದು ಪ್ರಶ್ನೆಯಕ್ಕನಿಗೆ ಗೊತ್ತಿರಲಿಲ್ಲ. ಕಂಪನಿಯ ಪರವಾಗಿ ಮನೆಮನೆ ತಿರುಗಿ ಗಿರಾಕಿಗಳ ಮನಸ್ಸು ತಿಳಿದುಕೊಂಡು ಬರುವುದು ಅವಳ ಕೆಲಸ. ಆ ಹೆಸರು ಬೀದಿಯವರೇ ಇಟ್ಟದ್ದು. ಬಾಗಿಲ ಬಳಿ ಬಿಟ್ಟ ಶೂ ಎತ್ತಿ, ಮಡಿಲಲ್ಲಿಟ್ಟುಕೊಂಡೇ ಮಾತಿಗೆ ಕೂರುವಳು. ಕೆಸರಿನ ಶೂವನ್ನು ಮಡಿಲಿಗೆ ಹಾಕಿಕೊಂಡವಳ ಮುಂದೆ ಯಾರು ತಾನೇ ಮುಚ್ಚಿಟ್ಟು ಮಾತಾಡುತ್ತಾರೆ? ಹಿಂದಿನ ಸಲ ಅವಳು ಕೇಳಿದ್ದು, ಶೂ ಎಷ್ಟು ಕಾಲ ಬಾಳಿದರೆ ನಿಮಗೆ ಬೇಸರವಿಲ್ಲ ಎಂದು. ಮಕ್ಕಳ ಕಾಲು ಬೆಳೆಯದೆ ನಿಲ್ಲುತ್ತದೆಯೇ, ಒಂದು ವರ್ಷ ಬಂದರೆ ಸಾಕು ತಾಯಿ ಎಂದು ಜನ ನಕ್ಕಿದ್ದರು. ಆಗೆಲ್ಲ ಅಣ್ಣ ಬಿಟ್ಟ ಶೂವನ್ನು ತಮ್ಮನೂ ಸವೆಸುತ್ತಿದ್ದ.

ಈಗ ಕಂಪನಿಯ ವ್ಯಾಪಾರ ಒಮ್ಮೆಲೇ ಏರಿತ್ತು. ಮಾರುಕಟ್ಟೆಗೆ ಕಿವಿಗೊಟ್ಟ ಕಂಪನಿ ಉದ್ಧಾರವಾಗುತ್ತದೆ ಎಂದು ಮ್ಯಾನೇಜರು ಸಭೆಯಲ್ಲಿ ಅವಳನ್ನು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಕೆಲಸ ಕಾಯಂ ಮಾಡುವ ಮಾತೂ ಆಡಿದರು. ಖುಷಿಯಾಗಬೇಕಿತ್ತು. ತನ್ನಿಂದ ಏನು ಉಪಕಾರವಾಯಿತೋ ತಿಳಿಯದೆ ಅವಳಿಗೆ ಕಸಿವಿಸಿಯಾಯಿತು.

ಮತ್ತೆ ಬೀದಿಗಿಳಿದಾಗ ಮಡಿಲಿಗೆ ಬಂದ ಶೂ ಮುಂದುಗಡೆ ಬಾಯಿ ಬಿಟ್ಟಿತ್ತು. ಪಕ್ಕದ ಮನೆಯದೂ ಅಲ್ಲೇ ಬಿಟ್ಟಿತ್ತು. ಆಚೆ ಓಣಿಯಲ್ಲೂ ಅದೇ ಕಥೆ. ಶಾಲೆಯವರು ಬೇರೆ ಕಂಪನಿಯ ಶೂ ಒಪ್ಪುವುದಿಲ್ಲವಾದ್ದರಿಂದ ಎಲ್ಲರೂ ಇದನ್ನೇ ಮತ್ತೆ ಕೊಂಡಿದ್ದರು. ಒಂದು ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸು ಮಿಷನ್‌ ನಿಲ್ಲಿಸದೆಯೇ ಕೇಳಿದಳು.

"ಹೋದ ಸಲ ನೀನು ಕೇಳ್ಕೊಂಡು ಹೋದೆ, ಶೂ ಬಾಯಿ ಬಿಡ್ತು. ಈ ಸಲ ಏನಕ್ಕ, ಬರಿಗಾಲಲ್ಲಿ ಹೋದ್ರೆ ಬೇಸರ ಇಲ್ವಾ ಅಂತಾನಾ?"

ಆ ಮಾತು ಮನೆವರೆಗೂ ಬೆನ್ನು ಬಿಡಲಿಲ್ಲ. ನಾದಿನಿ ಅದೇ ಕಂಪನಿಯ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುವವಳು. ಶೂ ಯಾಕೆ ಬಾಯಿ ಬಿಡುತ್ತಿದೆ ಎಂದು ಕೇಳಿದರೆ ಹೆಚ್ಚುತ್ತಿದ್ದ ತರಕಾರಿಯಿಂದ ತಲೆ ಎತ್ತಲಿಲ್ಲ. ಇವಳೂ ಬಿಡಲಿಲ್ಲ.

"ಒಂದು ಸಲ ಬಳಿದ್ರೆ ಸಾಕು, ಗಿರಾಕಿಗಳೇ ಒಪ್ಪಿದ್ದಾರೆ ಅಂದ್ರು," ಎಂದಳು ನಾದಿನಿ ಕೊನೆಗೆ. "ಯಾರು ಹೇಳಿದ್ದು ಅಂತ ಕೇಳಿದೆ. ನಿಮ್ಮತ್ತಿಗೆನೇ ಕೇಳ್ಕೊಂಡು ಬಂದಿದ್ದು ಅಂದ್ರು. ನಿನಗೆಲ್ಲ ಗೊತ್ತಿದೆ ಅಂದ್ಕೊಂಡೆ, ಅತ್ತಿಗೆ."

ಅಂದರೆ ಇಷ್ಟು ದಿನ ಒಂದೇ ಸೂರಿನಡಿ ಈ ಹುಡುಗಿ ತನ್ನನ್ನು ಆ ಕಣ್ಣಿನಿಂದ ನೋಡುತ್ತಿದ್ದಳು. ಬೀದಿಯೂ ಅಷ್ಟೇ.

ಮರುದಿನ ಮ್ಯಾನೇಜರು ಹೊಸ ಪ್ರಶ್ನೆ ಕೊಟ್ಟರು: ಮಕ್ಕಳಿಗೆ ವರ್ಷಕ್ಕೆ ಎರಡು ಹೊಸ ಜೊತೆ ಸಿಕ್ಕರೆ ಖುಷಿಯಲ್ಲವೇ? ಅಂಟಿನ ವಿಷಯ ಅವಳು ಎತ್ತಿದಾಗ, ಅದು ಕಾರ್ಖಾನೆಯವರ ತಲೆನೋವು ಎಂದು ನಕ್ಕರು. ಅವಳು ನಗಲಿಲ್ಲ. ಅವರ ದನಿ ಇನ್ನಷ್ಟು ಮೃದುವಾಯಿತು. ನಾದಿನಿಯೂ ಇಲ್ಲೇ ಕೆಲಸಕ್ಕಿದ್ದಾಳಲ್ಲ ಎಂದು ವಿಚಾರಿಸಿದರು.

"ಬರೀ ಪ್ರಶ್ನೆ ತಾನೇ ಅಮ್ಮ. ಕೇಳಿ ಬಂದ್ರೆ ಮುಗೀತು."

"ಅವರು ನನ್ನ ನಂಬಿ ಹೇಳಿದ್ದನ್ನ ನೀವು ಅವರ ಮಕ್ಕಳ ಕಾಲಿಗೇ ತಿರುಗಿಸಿದ್ರಿ," ಎಂದಳು ಅವಳು. "ಇದನ್ನ ನಾನು ಕೇಳಲ್ಲ ಸಾರ್."