ಬಚ್ಚಲ ಗೋಡೆಯ ಮುದುಕಿ

"ಈ ಗೋಡೆ ಒಂದ ಬುಟ್ಬುಡಿ," ಎಂದು ರಂಜಿತ ಬಚ್ಚಲ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸುಣ್ಣದ ಬಕೆಟ್ಟು ಹಿಡಿದಿದ್ದ ಗಂಡ ಸ್ವರೂಪ್‌ಗೆ ಅವಳ ಮಾತು ಕೇಳಿಸಿತೋ ಇಲ್ಲವೋ. ಅವನ ತಾಯಿ ಸತ್ತು ವಾರವಾಗಿತ್ತು. ತಿಥಿಗೆ ಮುಂಚೆ ಮನೆಗೆಲ್ಲ ಸುಣ್ಣ ಬಳಿದು ಸೂತಕ ಕಳೆಯಬೇಕು. ನಡುಮನೆ, ಅಡುಗೆಮನೆ, ಕೊಟ್ಟಿಗೆ ಮುಗಿದು ಹಿತ್ತಲ ಬಚ್ಚಲೊಂದೇ ಉಳಿದಿತ್ತು.

"ಒಂದ್ ಗೋಡೆ ಬುಟ್ರೆ ಸೂತ್ಕ ಅಲ್ಲೇ ಕುಂತ್ಕತದೆ ಕಣಮ್ಮಿ," ಎಂದಳು ಮಂಡ್ಯದಿಂದ ಬಂದಿದ್ದ ಅತ್ತಿಗೆ, ಸ್ವರೂಪನ ಅಕ್ಕ ಶಶಿರೇಖಾ. "ನೆಂಟ್ರೆಲ್ಲ ಕೈ ತೊಳ್ಯಾಕೆ ಇಲ್ಲಿಗೇ ಬರೋದು. ನೋಡ್ದೋರು ಏನಂದಾರು?"

ನೋಡಿದವರು ಏನೂ ಅನ್ನುತ್ತಿರಲಿಲ್ಲ ಬಿಡಿ. ಆ ಗೋಡೆಯ ಮೇಲಿದ್ದ ಚಿತ್ರವನ್ನು ಇಷ್ಟು ದಿನ ಯಾವ ಪುಣ್ಯಾತ್ಮ ನೋಡಿದ್ದ, ಸತ್ತ ಆ ಒಬ್ಬಳನ್ನು ಬಿಟ್ಟು?

ರಂಜಿತ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪರೀಕ್ಷೆಯ ಲೋಯರ್, ಹೈಯರ್ ಎರಡನ್ನೂ ಪಾಸು ಮಾಡಿದವಳು. ಮದುವೆಯಾಗಿ ಪೂರಿಗಾಲಿಗೆ ಬಂದ ಮೇಲೆ ಬರೆಯುವ ಮನಸ್ಸೇ ಸತ್ತುಹೋಗಿತ್ತು. ಕಾಗದ ಮುಂದಿಟ್ಟುಕೊಂಡು ಕೂತರೆ ಅದೇ ಎರಡು ಗುಡ್ಡ, ನಡುವೆ ಸೂರ್ಯ, ಪಕ್ಕಕ್ಕೊಂದು ತೆಂಗಿನಮರ. ಥೂ ಎಂದು ಎತ್ತಿಡುವಳು. ಕೊನೆಗೂ ಮನಸ್ಸು ಬಂದದ್ದು ಸಿಟ್ಟಿನಿಂದ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅತ್ತೆ ಮಲ್ಲಿಗಮ್ಮ ಬೀದಿಗೆಲ್ಲ ಕೇಳುವಂತೆ ಅವಳ ತವರನ್ನು ಜಾಲಾಡಿದಳು. ಅವತ್ತು ರಂಜಿತ ಬಚ್ಚಲೊಲೆಯಿಂದ ಇದ್ದಿಲು ತೆಗೆದು, ಅತ್ತೆಯನ್ನು ಹಾಗೇ ಗೋಡೆಗೆ ಗೀಚಿದಳು. ಕಾಲು ಚಾಚಿ ಕೂತು ಅವರೆಕಾಳು ಹಿದುಕುತ್ತ, ಕೆನ್ನೆಯಲ್ಲಿ ಹೊಗೆಸೊಪ್ಪು ಒತ್ತಿಕೊಂಡು, ಊರನ್ನೇ ನುಂಗುವ ಹಾಗೆ ಬಾಯಿ ತೆರೆದುಕೊಂಡು.

ಸಂಜೆ ಮುಖ ತೊಳೆಯಲು ಬಂದ ಮಲ್ಲಿಗಮ್ಮ ಅದನ್ನು ನೋಡಿಯೇಬಿಟ್ಟಳು.

"ನನ್ ಮುರ‍್ದಲ್ಲು ಎಲ್ಲಮ್ಮಿ?" ಎಂದಳು ಮುದುಕಿ. "ಎಮ್ಮೆ ಗುದ್ದಿ ಮುರುದ್ದು. ಊರಿಗೇ ಗೊತ್ತು. ನಿನ್ ಕಣ್ಣೆಲ್ಲಿ ಮಡಗಿದ್ದೆ?"

ಮಾರನೆಯ ದಿನದಿಂದ ಮುದುಕಿಗೆ ಅದೇ ಕೆಲಸ. ಬೆಳಗಾಗೆದ್ದು ಬರುವುದು, ನೋಡುವುದು, ಹಂಗಿಸುವುದು. "ಸೆರಗು ಒದ್ದೆ ಚೀಲ ಇದ್ದಂಗದೆ." "ನನ್ ಮಂಡಿ ಅಷ್ಟ್ ದಪ್ಪನಾ?" ರಂಜಿತ ಹಲ್ಲು ಕಚ್ಚಿಕೊಂಡು ಮಧ್ಯಾಹ್ನ ತಿದ್ದುವಳು. ಕೆಮ್ಮಣ್ಣು ಅರೆದಳು, ಬಟ್ಟೆಗೆ ಹಾಕುವ ನೀಲಿ ಕಲಸಿದಳು. ಚೆನ್ನಾಗಿದೆ ಎಂಬ ಮಾತು ಆ ಬಾಯಿಂದ ಅಪ್ಪಿತಪ್ಪಿಯೂ ಬರಲಿಲ್ಲ. ನಾಳೆ ಇವಳ ಬಾಯಿ ಮುಚ್ಚಿಸಲೇಬೇಕು ಎಂಬ ಹಟದಲ್ಲೇ ರಂಜಿತ ನಿದ್ದೆಹೋಗುವಳು. ಮದುವೆಯಾದ ಮೇಲೆ ಅಷ್ಟು ಸುಖವಾಗಿ ಅವಳು ಇದ್ದದ್ದೇ ಇಲ್ಲ.

ಕೊನೆಗೆ ಉಳಿದದ್ದು ಕೈ. "ಈ ಕೈಲಿ ಒಂದ್ ಕಾಳೂ ಹಿದ್ಕಾಕಾಗಕಿಲ್ಲ. ಸತ್ತೋರ್ ಕೈ ಇದ್ದಂಗದೆ. ಅಳ್ಸು," ಎಂದಳು ಮಲ್ಲಿಗಮ್ಮ. ರಂಜಿತ ಅಳಿಸಿದಳು. ಅದೇ ವಾರ ಎದೆನೋವೆಂದ ಮುದುಕಿ ಮಳವಳ್ಳಿ ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಳು. ಹೆಣದ ಪಕ್ಕ ಕೂತು ರಂಜಿತ ಅತ್ತೆಯ ಕೈಯನ್ನೇ ದಿಟ್ಟಿಸುತ್ತಿದ್ದಳು. ಒಂದು ತೊಟ್ಟು ಕಣ್ಣೀರಿಲ್ಲ, ಎಂಥ ಸೊಸೆಯಪ್ಪ ಎಂದು ಹೆಂಗಸರು ಆಡಿಕೊಂಡರು.

ಸತ್ತ ಎಮ್ಮೆಗೆ ಸೇರು ತುಪ್ಪ ಅನ್ನುತ್ತಾರಲ್ಲ, ಹಾಗಾಯಿತು. ಬದುಕಿದ್ದಾಗ ಅವ್ವನದೊಂದು ಫೋಟೋ ತೆಗೆಸದ ಮಕ್ಕಳು ಈಗ ಮಳವಳ್ಳಿಯ ಸ್ಟುಡಿಯೋಗೆ ಆಧಾರ್ ಕಾರ್ಡು ಕೊಟ್ಟು ದೊಡ್ಡ ಫೋಟೋ ಮಾಡಿಸಿಕೊಂಡು ಬಂದಿದ್ದರು. ಯಾರದೋ ಮೈಗೆ ಮಲ್ಲಿಗಮ್ಮನ ತಲೆ ಅಂಟಿಸಿದ್ದರು. ನೇರಳೆ ರೇಷ್ಮೆ ಸೀರೆ, ಕತ್ತಿಗೆ ಕಾಸಿನ ಸರ, ಬೆಳ್ಳಗೆ ಮಾಡಿದ ಮುಖ, ಮುಚ್ಚಿದ ಬಾಯಿ, ಹಿಂದೆ ಜಲಪಾತ ಬೇರೆ. "ಅವ್ವ ರಾಣಿ ಇದ್ದಂಗವ್ಳೆ ಕಣ್ಲಾ," ಎಂದು ಶಶಿರೇಖಾ ಅದನ್ನು ತಬ್ಬಿಕೊಂಡು ಅತ್ತಳು. ಅವಳ ಅಳು ಸುಳ್ಳಲ್ಲ, ಪಾಪ.

"ಕೈ ಒಂದ ಬರ‍್ಕಂಬುಡ್ತೀನಿ ಕಣ್ರೀ," ಎಂದಳು ರಂಜಿತ ಈಗ. "ಇನ್ನೂ ಕಣ್ಮುಂದೆ ಅದೆ. ಆಮೇಲೆ ಮರ‍್ತೋಯ್ತದೆ."

"ಯಾರ್ ಕೈಯೇ?"

ಸ್ವರೂಪ್ ಅವಳನ್ನು ಪಕ್ಕಕ್ಕೆ ಸರಿಸಿ ಗೋಡೆ ನೋಡಿದ. ದಿನಾ ಇದರೆದುರೇ ನೀರು ಹುಯ್ದುಕೊಂಡ ಗಂಡಸು, ಮೊದಲ ಸಲ ನೋಡುವವನಂತೆ ನೋಡಿದ. ರಂಜಿತ ಅವನ ಮುಖವನ್ನೇ ಗಮನಿಸಿದಳು. ಮುರಿದ ಹಲ್ಲು, ಉಬ್ಬಿದ ಕೆನ್ನೆ, ಚಾಚಿದ ಕಾಲು. ಗುರುತು ಹಿಡಿದನೆಂದರೆ ಸಾಕು, ಬಕೆಟ್ಟು ತಾನಾಗಿ ಕೆಳಗಿಡುತ್ತಾನೆ. ಹೆತ್ತ ತಾಯಿಯ ಮೇಲೆ ಯಾವ ಮಗ ಸುಣ್ಣ ಬಳಿಯುತ್ತಾನೆ?

"ಯಾವ್ ಮುದ್ಕೀನೇ ಇದು?" ಎಂದ ಸ್ವರೂಪ್. "ನಿಮ್ಮಜ್ಜಿನಾ?"

ಶಶಿರೇಖಾಳೂ ಕತ್ತು ಚಾಚಿದಳು. "ಹಲ್ ನೋಡು, ಥೂ! ಸಾವಿನ್ ಮನೇಲಿ ಇಂಥವ್ನೆಲ್ಲ ಯಾಕಮ್ಮಿ ಮಡಿಕಂಡೀಯೆ?"

ಮಾತು ರಂಜಿತಳ ನಾಲಗೆಯ ತುದಿಗೆ ಬಂತು. ಇವರಿಗೆ ಹೇಳಿ ಗುರುತು ಹಿಡಿಸಬೇಕೆ, ಇವರ ಅವ್ವನನ್ನು?

"ಊಂ, ನಮ್ಮಜ್ಜಿ," ಎಂದಳು. "ಬಳೀರಿ."

ಸ್ವರೂಪ್ ಬ್ರಷ್ಷು ಅದ್ದಿ ಮೇಲಿಂದ ಕೆಳಕ್ಕೆ ಎಳೆದ. "ಬೇಜಾರ್ ಮಾಡ್ಕಬ್ಯಾಡ," ಎಂದ, ಒಳ್ಳೆಯ ಮಾತಿನಲ್ಲೇ. "ತಿಥಿ ಮುಗೀಲಿ. ಗೋಡೆ ಬೆಳ್ಳಗಿರ‍್ತದೆ. ಒಂದ್ ನವಿಲ ಬರೀವಂತೆ, ಲಕ್ಷಣವಾಗಿ."

ಹಸಿ ಸುಣ್ಣ ಏನನ್ನೂ ಮುಚ್ಚುವುದಿಲ್ಲ. ಮುದುಕಿ ಅದರೊಳಗಿಂದ ಬಾಯಿ ತೆರೆದುಕೊಂಡು ಹಾಗೇ ಕಾಣುತ್ತಿದ್ದಳು.

"ಇನ್ನೂ ಕಾಣ್ತಾವ್ಳಲ್ಲೇ. ಇನ್ನೊಂದ್ಸಲ ಎಳೀಲಾ?"

"ಬ್ಯಾಡಿ. ಒಣುಗುದ್ರೆ ಓಯ್ತಾಳೆ."

ಅವನು ಬಕೆಟ್ಟು ಎತ್ತಿಕೊಂಡು ಹೋದ. ಶಶಿರೇಖಾ ಒಳಗಿನಿಂದ ಕಾಫಿಗೆ ಕರೆದಳು. ರಂಜಿತ ಒಲೆಯ ಕಟ್ಟೆಯ ಮೇಲೆ ಕೂತಳು. ಬಿಸಿಲು ಬಿದ್ದ ಕಡೆಯಿಂದ ಸುಣ್ಣ ಒಣಗಿ ಬೆಳ್ಳಗಾಗುತ್ತ ಬಂತು. ಮೊದಲು ಹಣೆ ಹೋಯಿತು, ಆಮೇಲೆ ಕಣ್ಣು. ಬಾಯಿಯ ಹತ್ತಿರ ಮಾತ್ರ ಇನ್ನೂ ಸ್ವಲ್ಪ ಹಸಿಯಿತ್ತು.