ದೂರು ಕೊಟ್ಟವರ ಕುರ್ಚಿ

ಲ್ಯಾಬಿನ ವರದಿ ಒಂದು ಗಂಟೆ ವಾರ್ಡಿನ ಪರದೆಗೆ ಬಾರದಿದ್ದರೆ ಆಸ್ಪತ್ರೆಗೆ ತಗಲುವ ಖರ್ಚು ಇಷ್ಟು: ಅರವತ್ತು ಚೀಟಿ, ಆರು ನರ್ಸುಗಳು ಮೂರು ಮಹಡಿ ಹತ್ತಿ ಇಳಿದ ಕಾಲುನೋವು, ಮತ್ತೆ ಎಲ್ಲರ ಬೈಗುಳ. ಬೈಗುಳವೆಲ್ಲ ಬಂದು ಬೀಳುವುದು ನೆಲಮಾಳಿಗೆಯ ಕಂಪ್ಯೂಟರ್ ಕೋಣೆಗೆ.

ಆ ಕೋಣೆಯ ಮುಖ್ಯಸ್ಥೆಯನ್ನು ಇಡೀ ಆಸ್ಪತ್ರೆ ‘ಅತ್ತಿಗೆ’ ಎಂದೇ ಕರೆಯುತ್ತಿತ್ತು. ಅವಳ ಕೈಕೆಳಗೆ ಸೇರಿದ ಸ್ವಂತ ಮೈದುನ ಮೊದಲ ದಿನವೇ ಹಾಗೆ ಕೂಗಿಬಿಟ್ಟಿದ್ದ. ಅವನು ಎಂಜಿನಿಯರ್. ಅವಳು ಇಲ್ಲಿಯ ಟೆಲಿಫೋನ್ ಬೋರ್ಡಿನ ಮುಂದೆ ಹದಿನಾಲ್ಕು ವರ್ಷ ಕೂತು, ಆಮೇಲೆ ಈ ಕೆಲಸವನ್ನು ನೋಡಿ ನೋಡಿ ಕಲಿತವಳು.

ಅವತ್ತು ಬೆಳಿಗ್ಗೆ ಹತ್ತಕ್ಕೆ ವಾರ್ಡಿಗೆ ವರದಿ ಬರುವುದು ನಿಂತಿತು. ಹತ್ತೂವರೆಗೆ ನಿರ್ದೇಶಕರೇ ಇಳಿದು ಬಂದರು. “ಹನ್ನೊಂದರೊಳಗೆ ಸರಿಹೋಗದಿದ್ರೆ ಈ ಕೆಲಸ ಹೊರಗಿನ ಕಂಪನಿಗೆ ಕೊಡ್ತೀನಿ” ಎಂದು ಹೇಳಿ ಮೇಲೆ ಹೋದರು.

“ನನ್ನ ಮೇಜಿಂದ ಲ್ಯಾಬೂ ತೆರೀತಿದೆ, ವಾರ್ಡೂ ತೆರೀತಿದೆ. ಎಲ್ಲಾ ಸರಿ ಇದೆ ಅತ್ತಿಗೆ!” ಎಂದ ಮೈದುನ.

“ಎಲ್ಲಾ ಸರಿ ಇದ್ರೆ ಸಾಹೇಬ್ರು ಇಲ್ಲಿಗೆ ಗಾಳಿ ಕುಡಿಯೋಕೆ ಬಂದ್ರಾ?”

“ಹಾಗಾದ್ರೆ ಎಲ್ಲಾ ಆಫ್ ಮಾಡಿ ಮತ್ತೆ ಶುರು ಮಾಡೋಣ.”

“ಅರ್ಧ ಆಗಿರೋ ಪರೀಕ್ಷೆಗಳು ಹೋಗ್ತವೆ. ರೋಗಿಗಳ ಬದಲು ಸೂಜಿಗೆ ನೀನು ಕೈ ಕೊಡ್ತೀಯಾ?”

ಲ್ಯಾಬಿನ ಸಾಫ್ಟ್‌ವೇರ್ ಒಂದು ಕಂಟೇನರಿನಲ್ಲಿ, ವಾರ್ಡಿನದು ಇನ್ನೊಂದರಲ್ಲಿ. ಒಂದೇ ಯಂತ್ರದೊಳಗೆ ಬಾಗಿಲು ಹಾಕಿಕೊಂಡ ಎರಡು ಕೋಣೆಗಳಿದ್ದಂತೆ. ನೆಟ್‌ವರ್ಕ್ ಎಂಬ ಒಂದೇ ಒಳಜಾಲದಲ್ಲಿದ್ದು ಅವು ಹೆಸರು ಹಿಡಿದು ಒಂದನ್ನೊಂದು ಕರೆಯುತ್ತಿದ್ದವು. ಬೋರ್ಡಿನ ಕಾಲದಲ್ಲಿ ಕರೆ ಹೋಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಅತ್ತಿಗೆ ಎದ್ದು ಹೋಗಿ, ದೂರು ಕೊಟ್ಟವರ ಕುರ್ಚಿಯಲ್ಲೇ ಕೂತು ಡಯಲ್ ಮಾಡುತ್ತಿದ್ದಳು. ಬೋರ್ಡಿನಿಂದ ಎಲ್ಲಿಗಾದರೂ ಕರೆ ಹೋಗುತ್ತದೆ. ಅದರಿಂದ ಏನು ತಿಳಿದೀತು?

ಅವಳು ವಾರ್ಡಿನ ಕಂಟೇನರಿನ ಒಳಹೊಕ್ಕು, ಅಲ್ಲಿಂದ ಲ್ಯಾಬನ್ನು ಕರೆದಳು. ಆ ಹೆಸರಿನವರು ಯಾರೂ ಇಲ್ಲ ಎಂಬ ಉತ್ತರ ಬಂತು. ಒಳಜಾಲದ ಪಟ್ಟಿ ತೆಗೆದಳು. ವಾರ್ಡಿತ್ತು, ಔಷಧಿ ಅಂಗಡಿಯಿತ್ತು. ಲ್ಯಾಬ್ ಇರಲಿಲ್ಲ.

“ಬೆಳಿಗ್ಗೆ ಲ್ಯಾಬನ್ನ ಯಾರು ಶುರು ಮಾಡಿದ್ದು?”

“ನಾನೇ” ಎಂದ ಮೈದುನ. “ಹೊಸ ವರ್ಷನ್ ಹಾಕಿದೆ. ನೀವು ಬರೆದಿಟ್ಟ ಕ್ರಮ ಬಿಟ್ಟು, ಕೈಯಿಂದಲೇ...”

“ಅದಕ್ಕೇ ಬೇರೆ ಜಾಲದಲ್ಲಿ ಹೋಗಿ ಕೂತಿದೆ. ಜೀವ ಇದೆ, ಮನೆ ಬಿಟ್ಟಿದೆ, ಅಷ್ಟೇ.”

ಓಡುತ್ತಿದ್ದ ಲ್ಯಾಬನ್ನು ನಿಲ್ಲಿಸದೆಯೇ ಅವಳು ಒಂದೇ ಸಾಲಿನ ಆಜ್ಞೆಯಿಂದ ಹಳೆಯ ಜಾಲಕ್ಕೆ ಸೇರಿಸಿದಳು. ಗಡಿಯಾರದಲ್ಲಿ ಹತ್ತು ಐವತ್ತೆರಡು. ಮೇಲಿನ ವಾರ್ಡಿನಿಂದ ನರ್ಸೊಬ್ಬಳ ಫೋನು ಬಂತು: “ಬಂತು ಅತ್ತಿಗೆ! ದಬದಬ ಅಂತ ಬರ್ತಿದೆ!”

“ಯಾರ ತಪ್ಪು?” ಹನ್ನೊಂದಕ್ಕೆ ಮತ್ತೆ ಇಳಿದು ಬಂದ ನಿರ್ದೇಶಕರು ಕೇಳಿದರು.

ಕೋಣೆ ನನ್ನದು, ತಪ್ಪೂ ನನ್ನದೇ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಮೈದುನ ಎದ್ದು ನಿಂತಿದ್ದ. “ನನ್ನದು ಸಾರ್. ಹುಡುಕಿದ್ದು ಇವರು.”

ಲ್ಯಾಬನ್ನು ಹುಡುಕಿ ತಂದಾಗಲೂ ಅಷ್ಟು ಉಬ್ಬದ ಎದೆ ಅವಳಿಗೆ ಆಗ ಉಬ್ಬಿತು. ನಿರ್ದೇಶಕರು ಇಬ್ಬರನ್ನೂ ನೋಡಿ, “ಕಂಪನಿ ಬೇಡ ಬಿಡಿ” ಎಂದು ಮೆಟ್ಟಿಲು ಹತ್ತಿದರು.

ಅವತ್ತು ಕಳೆದದ್ದು ಬೆಳಗಿನ ಐವತ್ತು ನಿಮಿಷ. ಒಂದು ಪರೀಕ್ಷೆಯೂ ಹಾಳಾಗಲಿಲ್ಲ, ಕೋಣೆ ಅವಳ ಕೈಯಲ್ಲೇ ಉಳಿಯಿತು.