ಹೊಗಳಬಾರದ ಎಡಗೈ

ಬಂದರೂರು ಹೊಸೊನೌರಾದ ಕ್ಷೌರಿಕ ಕುವಬಾರಾ ತೊಕುಜಿ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಯಾವ ಪಿಚರನ್ನು ಹೊಗಳಿದರೂ ಆ ಪಿಚರನ ಕೈ ಕೆಡುತ್ತಿತ್ತು. ಇದು ಊರಿನ ಬಾಯಲ್ಲಿ ಹುಟ್ಟಿದ ಮಾತಾದರೂ ತಳ್ಳಿಹಾಕುವುದು ಕಷ್ಟವಿತ್ತು. ಮೊದಲನೆಯವನ ಬಗ್ಗೆ "ಬಿದಿರಿನಂಥ ಕೈ, ಬಾಗುತ್ತೆ, ಮುರಿಯಲ್ಲ" ಎಂದು ಅವನು ಗುರುವಾರ ಹೇಳಿದ್ದ. ಸೋಮವಾರ ಆ ಹುಡುಗನ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಎರಡನೆಯವನು ಹದಿನೈದು ವರ್ಷ ಆಡುತ್ತಾನೆ ಎಂದಿದ್ದ. ಅವನು ತಂಡದ ಸ್ನಾನದ ಮನೆಯಲ್ಲಿ ಸೋಪಿನ ಮೇಲೆ ಕಾಲಿಟ್ಟು ಭುಜ ಕಳಚಿಕೊಂಡ. ಮೂರನೆಯವನು ಎರಡು ತಿಂಗಳು ಚೆನ್ನಾಗಿಯೇ ಆಡಿದ. ಸದ್ಯ ಬಚಾವಾದೆ ಎಂದು ತೊಕುಜಿ ಇನ್ನೊಂದು ಸಲ ಹೊಗಳಿದ, ಅಲ್ಲಿಗೆ ಅವನ ಕತೆಯೂ ಮುಗಿಯಿತು. ನಾಲ್ಕನೆಯವನು ಈಗ ತಕಮಾತ್ಸುವಿನಲ್ಲಿ ನೂಡಲ್ಸ್ ಅಂಗಡಿ ಇಟ್ಟಿದ್ದಾನೆ. ಆ ನೂಡಲ್ಸನ್ನು ತೊಕುಜಿ ಇನ್ನೂ ಹೊಗಳಿಲ್ಲ, ಹಾಗಾಗಿ ಅಂಗಡಿ ನಡೆಯುತ್ತಿದೆ.

ನಾಲ್ವರೂ ಸೆಟೊ ಪೆಲಿಕನ್ಸ್ ತಂಡ ಆರಿಸಿಕೊಂಡಿದ್ದ ಹುಡುಗರು. ಮೂರು ವರ್ಷದಿಂದ ಪಟ್ಟಿಯ ತಳ ಬಿಟ್ಟು ಏಳದ ಆ ತಂಡವನ್ನು ಹೊಸೊನೌರಾ ಬಿಟ್ಟುಕೊಟ್ಟಿರಲಿಲ್ಲ. ಪ್ರತಿ ಅಕ್ಟೋಬರ್‌ನಲ್ಲಿ ಹನ್ನೆರಡು ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್ ದಿನ ಬರುತ್ತದೆ. ಪೆಲಿಕನ್ಸ್ ಅವತ್ತು ಯಾರನ್ನು ಆರಿಸಬೇಕು ಎಂಬುದು ತೊಕುಜಿಯ ಅಂಗಡಿಯಲ್ಲಿ ಬೇಸಿಗೆಯಲ್ಲೇ ತೀರ್ಮಾನವಾಗಿರುತ್ತಿತ್ತು. ಪೆಲಿಕನ್ಸ್‌ನವರು ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

"ತೋಕ್ಯೋದ ಆ ಕಾಲೇಜು ಹುಡುಗನ್ನೇ ತಗೋಬೇಕು, ನೂರೈವತ್ತೈದು ಕಿಲೋಮೀಟರ್ ವೇಗ" ಎನ್ನುತ್ತಿದ್ದ ಒನೊದಾ. ಅವನದು ಮೀನು ಅರೆದು ವಡೆ ಕರಿಯುವ ಅಂಗಡಿ. ಮಧ್ಯಾಹ್ನ ಎರಡಕ್ಕೆ ಬಾಣಲೆ ಇಳಿಸಿ ಇಲ್ಲಿಗೆ ಬಂದರೆ ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ತಲೆಯಲ್ಲಿ ಕತ್ತರಿಸಲು ಕೂದಲೂ ಇರಲಿಲ್ಲ.

"ವೇಗ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ? ನಮಗೆ ಬೇಕಿರೋದು ಬ್ಯಾಟ್ ಬೀಸೋನು" ಎನ್ನುತ್ತಿದ್ದ ಹಿರೋಸೆ. ಇವನು ನಿವೃತ್ತ ಪೋಸ್ಟ್‌ಮ್ಯಾನ್. ನಲವತ್ತು ವರ್ಷ ಊರಿಗೆಲ್ಲ ಸುದ್ದಿ ಹಂಚಿದವನಿಗೆ ಈಗ ಕೈಯಲ್ಲಿ ಸುದ್ದಿಯಿಲ್ಲದೆ ತುರಿಕೆ.

ತೊಕುಜಿ ಈ ವರ್ಷ ಬಾಯಿ ಬಿಟ್ಟಿರಲಿಲ್ಲ. ಬಿಡಲು ತುದಿನಾಲಿಗೆಯಲ್ಲಿ ಒಂದು ಹೆಸರಿತ್ತು: ನಿಶಿವಾಕಿ ತಕುಮಾ. ಗುಡ್ಡದ ಮೇಲಿನ ಕಿತ್ತಳೆ ತೋಟದ ಚಿಜುರುವಿನ ಮಗ, ಊರಿನ ಹೈಸ್ಕೂಲಿನ ಎಡಗೈ ಪಿಚರ್. ಆರನೇ ವಯಸ್ಸಿನಿಂದ ಎರಡು ವಾರಕ್ಕೊಮ್ಮೆ ಅವನ ತಲೆ ಬೋಳಿಸಿದವನು ತೊಕುಜಿಯೇ. ಆ ಹುಡುಗ ಚೆಂಡೆಸೆಯುವುದನ್ನು ನೋಡಿದಾಗಲೆಲ್ಲ ಮುದುಕನ ಎದೆ ಹಿಗ್ಗುತ್ತಿತ್ತು. ನಿಜವಾದ ಪಿಚರ್ ಎಂದರೆ ಇವನೇ ಎಂದು ಒಂದು ದಿನ ಅಂಗಡಿಯಲ್ಲಿ ಘೋಷಿಸಬೇಕೆಂದು ಅವನು ಮಾತು ಜೋಡಿಸಿಕೊಳ್ಳುತ್ತಿದ್ದ.

ಅದು ಹೇಗೆ ಗೊತ್ತಾಯಿತೋ, ಸೆಪ್ಟೆಂಬರ್ ಕೊನೆಯಲ್ಲಿ ಚಿಜುರು ಬಂದಳು. ಸಿಪ್ಪೆ ಇನ್ನೂ ಹಸಿರಾಗಿದ್ದ ಹೊಸ ಕಿತ್ತಳೆಯ ಪೆಟ್ಟಿಗೆ ನೆಲಕ್ಕಿಟ್ಟು, ಮಂಡಿಯೂರಿ ತಲೆ ಬಾಗಿಸಿದಳು.

"ಯಜಮಾನ್ರೇ, ತಕುಮಾ ಡ್ರಾಫ್ಟ್‌ಗೆ ಅರ್ಜಿ ಹಾಕಿದಾನೆ. ದಯವಿಟ್ಟು ಅವನನ್ನ ಹೊಗಳ್ಬೇಡಿ."

ತೊಕುಜಿಗೆ ಕೆನ್ನೆಗೆ ಹೊಡೆದಂತಾಯಿತು. "ಏನಮ್ಮಾ, ನೀನೂ ನಂಬ್ತೀಯಾ ಈ ಕತೇನ?"

"ನಂಬಲ್ಲ. ಆದ್ರೆ ಅವನಿಗಿರೋದು ಒಂದೇ ಎಡಗೈ."

"ಆಯ್ತು ಬಿಡು. ಬಾಯಿಗೆ ಬೀಗ ಹಾಕ್ಕೋತೀನಿ."

"ಬೀಗ ಸಾಲಲ್ಲ" ಎಂದು ಬೆಂಚಿನ ಮೇಲಿಂದ ಒನೊದಾ ತೀರ್ಪು ಕೊಟ್ಟ. "ನಿನ್ನ ಹೊಟ್ಟೇಲಿ ಏನಿದೆ ಅಂತ ಇಡೀ ಬಂದರಿಗೇ ಗೊತ್ತು. ಒಳಗೊಳಗೇ ಹೊಗಳ್ತಿರ್ತೀಯ. ಅದಕ್ಕೆ ತಡೆ ಆಗ್ಬೇಕು ಅಂದ್ರೆ ಬಾಯ್ತುಂಬ ಬೈಬೇಕು."

ತೊಕುಜಿ ಹೆಂಡತಿಯ ಕಡೆ ನೋಡಿದ. ಅದೇ ಅಂಗಡಿಯಲ್ಲಿ ಸೋಪಿನ ನೊರೆ ಕಲಸುತ್ತ ನಲವತ್ನಾಲ್ಕು ವರ್ಷ ಕಳೆದ ಸುಮಿಯೆ ಕೈ ನಿಲ್ಲಿಸದೆ ಹೇಳಿದಳು: "ಬೈರೀ. ನನ್ನ ಬೈದು ಅಭ್ಯಾಸ ಇದೆಯಲ್ಲ."

ಮೊದಲ ದಿನ ಬೈಗುಳ ಗಂಟಲಲ್ಲೇ ಸಿಕ್ಕಿಕೊಂಡಿತು. "ಆ ತಕುಮಾ... ಅವನು... ಸ್ವಲ್ಪ ಕುಳ್ಳ" ಎಂದು ಹೇಳಿ ಬೆವರೊರೆಸಿಕೊಂಡ. ಇದು ಬೈಗುಳವೇ ಅಲ್ಲ ಎಂದು ಹಿರೋಸೆ ತಳ್ಳಿಹಾಕಿದ. ಎರಡನೇ ವಾರಕ್ಕೆ ನಾಲಿಗೆ ಸಡಿಲವಾಯಿತು. "ಅವನು ಚೆಂಡು ಎಸೆಯೋದು ಒದ್ದೆ ಬಟ್ಟೆ ಒಣಗಿಸಿದ ಹಾಗಿರುತ್ತೆ!" ಎಂದಾಗ ಬೆಂಚಿನವರು ಚಪ್ಪಾಳೆ ತಟ್ಟಿದರು. ತಲೆ ಬೋಳಿಸಿಕೊಳ್ಳಲು ಹುಡುಗ ಬಂದಾಗಲೂ ಬಿಡಲಿಲ್ಲ. ಇಂಥ ತಲೆಗೆ ಮಷೀನು ಹಾಕಿದರೆ ಮಷೀನಿಗೆ ಅವಮಾನ ಎಂದು ಗೊಣಗುತ್ತಲೇ ಹಾಕಿದ. ತಾಯಿ ಎಲ್ಲ ಹೇಳಿದ್ದಳಾದ್ದರಿಂದ ತಕುಮಾ ಕನ್ನಡಿಯಲ್ಲಿ ನಗು ತಡೆದುಕೊಂಡು, "ಧನ್ಯವಾದ, ಯಜಮಾನ್ರೇ" ಎಂದು ಬೋಳುತಲೆ ಬಗ್ಗಿಸಿ ಹೋದ. ಅವನ ಬೆನ್ನು ಮರೆಯಾದ ಮೇಲೆ ತೊಕುಜಿ ನೆಲದ ಕೂದಲನ್ನು ಎರಡೆರಡು ಸಲ ಗುಡಿಸಿದ.

ಡ್ರಾಫ್ಟ್‌ಗೆ ಹತ್ತು ದಿನವಿದ್ದಾಗ, ಒಂದು ಮಧ್ಯಾಹ್ನ, ಅಪರಿಚಿತನೊಬ್ಬ ಶೇವಿಂಗ್‌ಗೆ ಬಂದ. ಐವತ್ತರ ಆಸುಪಾಸು. ಕುರ್ಚಿ ಹಿಂದಕ್ಕೆ ಮಲಗಿಸಿದಾಗಲೇ ತೊಕುಜಿಗೆ ಎಲ್ಲ ಗೊತ್ತಾಯಿತು. ಹುಬ್ಬಿನವರೆಗೆ ಸುಟ್ಟು ಕಪ್ಪಾದ ಮುಖ, ಟೋಪಿ ಕೂತಿದ್ದಲ್ಲಿಂದ ಮೇಲೆ ಬೆಳ್ಳಗಿನ ಹಣೆ. ಕತ್ತು ಮಾತ್ರ ಬಲಗಡೆ ಹೆಚ್ಚು ಕಂದಿತ್ತು. ಈ ಜಿಲ್ಲೆಯ ಮೈದಾನದಲ್ಲಿ, ಪಿಚರ್ ಎಸೆದದ್ದನ್ನು ಹಿಡಿಯುವ ಕ್ಯಾಚರ್ ಹಿಂದಿನ ಬಲೆಯ ಬಳಿ ಕೂತವರಿಗೆ ಮಧ್ಯಾಹ್ನದ ಬಿಸಿಲು ಬಲಗಡೆಯಿಂದಲೇ ಹೊಡೆಯುತ್ತದೆ. ಅಂಗಿಯ ಜೇಬಿನಲ್ಲಿ ಸ್ಟಾಪ್‌ವಾಚು ಉಬ್ಬಿತ್ತು. ಹುಡುಗರನ್ನು ಹುಡುಕುತ್ತ ಊರೂರು ಅಲೆಯುವ ಸ್ಕೌಟ್ ಇವನು.

ಮುಖದ ಮೇಲೆ ಬಿಸಿ ಟವೆಲ್ ಹಾಸಿದ. ಅದರ ಕೆಳಗಿನಿಂದ ದನಿ ಬಂತು:

"ಈ ಊರಲ್ಲಿ ಒಬ್ಬ ಎಡಗೈ ಪಿಚರ್ ಇದ್ದಾನಂತಲ್ಲ. ಹೇಗೆ ಅವನು?"

ಒನೊದಾನ ಕೈಯಿಂದ ಪತ್ರಿಕೆ ಜಾರಿತು. ಅವನು ತನ್ನ ಬಾಯಿಗೂ ಟವೆಲ್ಲಿಗೂ ಬೆರಳು ತೋರಿಸಿ, ಹೇಳು, ಹೊಗಳು, ಎಂದು ಸನ್ನೆ ಮಾಡಿದ. ಹಿರೋಸೆ ತನ್ನ ಮೊಣಕೈ ಹಿಡಿದುಕೊಂಡು, ಬೇಡ ಬೇಡ, ಎಂದು ಸನ್ನೆ ಮಾಡಿದ. ಸುಮಿಯೆಯ ಕೈಯಲ್ಲಿ ನೊರೆ ಕಲಸುವುದು ನಿಂತುಹೋಗಿತ್ತು. ಹೊಗಳಿದರೆ ಹುಡುಗನ ಕೈ ಹೋಗಬಹುದು, ಬೈದರೆ ಹುಡುಗನ ಹೆಸರೇ ಹೋಗಬಹುದು. ತೊಕುಜಿ ಕತ್ತಿಯನ್ನು ತೊಗಲಿನ ಪಟ್ಟಿಗೆ ಹತ್ತು ಸಲ ಹೆಚ್ಚಿಗೆ ಮಸೆದ.

"ಅವನಾ?" ಎಂದ ಕೊನೆಗೆ. "ಅವನಷ್ಟು ದಂಡಪಿಂಡ ಇನ್ನೊಬ್ಬನಿಲ್ಲ ಸ್ವಾಮಿ."

"ಹೌದಾ?"

"ಮೂವತ್ತೆಂಟು ಆಟ ನೋಡಿದೀನಿ ಅವನದು. ಮೇ ಮೂರನೇ ತಾರೀಕು ಕ್ಯಾಚರ್ ಹೀಗೆ ಎಸಿ ಅಂತ ಸನ್ನೆ ಮಾಡಿದ್ದನ್ನ ಎರಡು ಸಲ ಬೇಡ ಅಂದ. ಅಷ್ಟು ಹಟ! ಆಮೇಲೆ ತನಗೆ ಬೇಕಾದ್ದನ್ನ ಎಸೆದು ಬ್ಯಾಟಿನವನನ್ನ ಔಟ್ ಮಾಡಿ ಕೂರಿಸಿದ. ಹಿರಿಯರ ಮಾತು ಕೇಳದ ಹುಡುಗ. ಜೂನ್ ಮಳೇಲಿ ಅವನ ಸ್ನೇಹಿತ ಸುಲಭದ ಚೆಂಡು ಕೈಬಿಟ್ಟ. ನಿಜವಾದ ಪಿಚರ್ ಆದ್ರೆ ಗುರಾಯಿಸ್ಬೇಕು ತಾನೇ? ಇವನು ಬೆನ್ನು ತಿರುಗಿಸ್ಕೊಂಡು ನಿಂತ್ಕೋತಾನೆ, ತನ್ನ ಮುಖ ಅವನಿಗೆ ಕಾಣಬಾರದು ಅಂತ. ಮೆದು ಮನಸ್ಸು, ಏನುಪಯೋಗ! ಪ್ರತಿ ಸರದಿ ಮುಗಿದ್ಮೇಲೆ ತನ್ನ ಕಾಲು ತೋಡಿದ ಗುಂಡೀನ ತಾನೇ ಮುಚ್ತಾನೆ, ಅದೇ ಜಾಗದಿಂದ ಎಸೆಯೋ ಎದುರು ತಂಡದ ಪಿಚರ್ ಜಾರಬಾರದಂತೆ. ಶತ್ರುಗೆ ಸೇವೆ! ಜುಲೈನಲ್ಲಿ ಸೋತಾಗ ಎಲ್ಲರೂ ಅತ್ರು. ಇವನು ಅಳದೆ ನೀರಿನ ಡಬ್ಬ ಎತ್ತಿಡ್ತಿದ್ದ. ಕಲ್ಲು ಹೃದಯ."

"ಈಗ ತಾನೇ ಮೆದು ಮನಸ್ಸು ಅಂದ್ರಿ."

"ಎರಡೂ ಇದೆ ಅವನಿಗೆ. ಅದೇ ತೊಂದರೆ" ಎಂದ ತೊಕುಜಿ, ಮತ್ತು ಗಲ್ಲಕ್ಕೆ ಕತ್ತಿಯಿಟ್ಟ. ಅಲ್ಲಿಗೆ ಗಿರಾಕಿಯ ಮಾತು ನಿಂತಿತು.

ಅವನು ಹೋದ ಮೇಲೆ ಬೆಂಚು ಸಿಡಿಯಿತು. ಬೈ ಬೈ ಎಂದು ಮೂರು ವಾರ ಹುರಿದುಂಬಿಸಿದ್ದ ಒನೊದಾನೇ ಮೊದಲು ತಿರುಗಿಬಿದ್ದ.

"ಕೊಂದ್ಯಲ್ಲೋ ಮಾರಾಯ! ಸ್ಕೌಟ್ ಮುಂದೆ ಯಾರಾದ್ರೂ ಬೈತಾರೇನೋ?"

"ನೀನೇ ತಾನೇ ಬಾಯ್ತುಂಬ ಬೈ ಅಂದಿದ್ದು?"

"ಮನುಷ್ಯನ್ನ ನೋಡ್ಕೊಂಡು ಬೈಬೇಕು!"

"ಅವನು ಸ್ಕೌಟ್ ಅಂತ ಗೊತ್ತಿತ್ತೇನ್ರೀ ನಿಮಗೆ?" ಎಂದಳು ಸುಮಿಯೆ ಮೆಲ್ಲಗೆ.

"ಗೊತ್ತಿತ್ತು." ತೊಕುಜಿ ಕತ್ತಿ ತೊಳೆಯುತ್ತ ಹೇಳಿದ. "ಡ್ರಾಫ್ಟ್ ತಪ್ಪಿದ್ರೆ ಇನ್ನೊಂದು ವರ್ಷ ಬರುತ್ತೆ. ಕೈ ಹೋದ್ರೆ ಇನ್ನೊಂದು ಕೈ ಬರುತ್ತಾ?"

ಹಾಗೆ ಹೇಳಿದನೇ ಹೊರತು ಅವತ್ತಿನಿಂದ ಅವನಿಗೆ ಅನ್ನ ಸೇರಲಿಲ್ಲ. ಸುದ್ದಿ ಹಂಚುವುದು ಹಿರೋಸೆಯ ರಕ್ತದಲ್ಲೇ ಇದ್ದುದರಿಂದ ಸಂಜೆಯೊಳಗೆ ಇದು ಗುಡ್ಡದ ತೋಟಕ್ಕೂ ಮುಟ್ಟಿತು. ಅಲ್ಲಿಂದ ಎರಡನೇ ಪೆಟ್ಟಿಗೆ ಕಿತ್ತಳೆ ಬರಲಿಲ್ಲ, ಅದನ್ನು ತೊಕುಜಿ ಗಮನಿಸಿದ.

ಡ್ರಾಫ್ಟ್ ದಿನ ಸಂಜೆ ಐದಕ್ಕೆ ಎಲ್ಲರೂ ಅಂಗಡಿಯ ಟಿವಿ ಮುಂದೆ ಕೂತರು. ಚಿಜುರು ಕೂಡ ತೋಟದ ಏಪ್ರನ್ನಿನಲ್ಲೇ ಇಳಿದು ಬಂದಳು. ತಕುಮಾ ಶಾಲೆಯಲ್ಲಿ ಹೆಡ್ಮಾಸ್ಟರ ಪಕ್ಕ ಕಾಯುತ್ತಿದ್ದ. ಅಲ್ಲಿ ಕ್ಯಾಮೆರಾಗಳಿವೆ, ಅಳುವುದಾದರೆ ಇಲ್ಲೇ ಅಳುತ್ತೇನೆ ಎಂದಳು ತಾಯಿ. ಒನೊದಾನ ತೋಕ್ಯೋ ಹುಡುಗನನ್ನು ಪೆಲಿಕನ್ಸ್ ಸೇರಿ ಮೂರು ತಂಡಗಳು ಕೇಳಿದ್ದರಿಂದ ಪದ್ಧತಿಯಂತೆ ಚೀಟಿ ಎತ್ತಬೇಕಾಯಿತು. ಪೆಲಿಕನ್ಸ್ ಮ್ಯಾನೇಜರ್ ಪೆಟ್ಟಿಗೆಗೆ ಬಲಗೈ ಹಾಕಿದ.

"ಎಡಗೈ ಹಾಕೋ, ಎಡಗೈ!" ಎಂದು ಕಿರುಚಿದ ಒನೊದಾ. ಖಾಲಿ ಚೀಟಿ ಬಂತು. "ಹೇಳ್ದೆ ತಾನೇ? ಹೇಳ್ದೆ ತಾನೇ?" ಎಂದು ಅವನು ಟಿವಿಯ ಜೊತೆ ಜಗಳಕ್ಕೆ ನಿಂತ.

ಎರಡನೇ ಸುತ್ತಾಗುತ್ತಲೇ ಟಿವಿಯವರು ವಾರ್ತೆಗೆ ಹೋದರು. ಉಳಿದದ್ದು ಹಿರೋಸೆಯ ಮೊಬೈಲಿನಲ್ಲಿ. ಅವನು ಕನ್ನಡಕವನ್ನು ಹಣೆಗೇರಿಸಿ, ಮೊಬೈಲನ್ನು ತೋಳಿನಷ್ಟು ದೂರ ಹಿಡಿದು, ತಂತಿ ಸಂದೇಶ ಓದುವ ಗಾಂಭೀರ್ಯದಿಂದ ಪೆಲಿಕನ್ಸ್ ಆರಿಸಿದ ಒಂದೊಂದೇ ಹೆಸರು ಓದಿದ. ಮೂರನೇ ಸುತ್ತು, ಯಾರೋ ಕ್ಯಾಚರ್. ನಾಲ್ಕು, ಯಾರೋ ಓಟಗಾರ. ಐದನೇ ಸುತ್ತಿಗೆ ಮತ್ತೊಬ್ಬ ಎಡಗೈ ಪಿಚರ್, ಆದರೆ ಉತ್ತರದ ಊರಿನವನು. ಚಿಜುರು ಏಪ್ರನ್ನಿನ ಅಂಚನ್ನು ಮಡಿಚುತ್ತ ಬಿಚ್ಚುತ್ತ ಇದ್ದಳು. ತೊಕುಜಿಗೆ ಅವಳ ಕಡೆ ನೋಡುವ ಧೈರ್ಯವಾಗಲಿಲ್ಲ. ಒರೆಸಿದ್ದ ಬಾಚಣಿಗೆಗಳನ್ನೇ ಮತ್ತೆ ಒರೆಸಿದ. ಪೆಲಿಕನ್ಸ್‌ಗೆ ಉಳಿದದ್ದು ಒಂದೇ ಹೆಸರು.

"ಆರನೇ ಸುತ್ತು. ಸೆಟೊ ಪೆಲಿಕನ್ಸ್" ಎಂದ ಹಿರೋಸೆ, ಮತ್ತು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದ.

"ಓದೋ!"

"ಅಕ್ಷರ ಸಣ್ಣಕ್ಕಿದೆ ಕಣೋ... ನಿಶಿ... ನಿಶಿವಾಕಿ ತಕುಮಾ. ಪಿಚರ್. ಹೊಸೊನೌರಾ ಹೈಸ್ಕೂಲ್."

ಆಮೇಲೆ ಯಾರು ಏನು ಕೂಗಿದರೋ ಯಾರಿಗೂ ನೆನಪಿಲ್ಲ. ಚಿಜುರು ಶೇವಿಂಗ್ ಕುರ್ಚಿಯಲ್ಲಿ ಕುಸಿದಳು, ಅದು ತನ್ನಷ್ಟಕ್ಕೆ ಹಿಂದಕ್ಕೆ ಮಲಗಿ, ಅವಳು ಛಾವಣಿ ನೋಡುತ್ತಲೇ ಅತ್ತಳು. ಗದ್ದಲದ ನಡುವೆ ತೊಕುಜಿ ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ನಿಂತ.

"ನಾನು ಇವನ ಆರನೇ ವಯಸ್ಸಲ್ಲೇ ಅಂದ್ಕೊಂಡಿದ್ದೆ, ಈ ಹುಡುಗ—"

"ಹಿಡೀರಿ ಅವನನ್ನ!" ಎಂದು ಒನೊದಾ ಚೀರಿದ. ಹಿರೋಸೆ ತೋಳು ಹಿಡಿದ. ಸುಮಿಯೆ ಸ್ಟೀಮರಿನಿಂದ ಬಿಸಿ ಟವೆಲ್ ಎಳೆದು ಗಂಡನ ಬಾಯಿಗೆ ಒತ್ತಿದಳು. ಉಳಿದ ಮಾತೆಲ್ಲ ಟವೆಲ್ಲಿನೊಳಗೇ ಹೋಯಿತು.

ಡಿಸೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದ ಅದೇ ಸ್ಕೌಟ್ ಮತ್ತೆ ಶೇವಿಂಗ್‌ಗೆ ಬಂದ, ಜೊತೆಗೆ ತಕುಮಾನೂ. ಸ್ಕೌಟ್ ಕುರ್ಚಿಯಲ್ಲಿ ಒರಗಿ ತಾನಾಗಿಯೇ ಹೇಳಿದ:

"ನಮ್ಮ ಆಫೀಸಲ್ಲಿ ಯಾರಿಗೂ ಇವನು ಬೇಡವಾಗಿದ್ದ. ಕುಳ್ಳ, ವೇಗ ಇಲ್ಲ ಅಂತ. ನೀವು ಬೈದಿದ್ದನ್ನೆಲ್ಲ ರೈಲಲ್ಲಿ ಬರ್ಕೊಂಡಿದ್ದೆ, ಅದನ್ನೇ ಓದಿ ಹೇಳಿದೆ. ನಮ್ಮ ಮುಖ್ಯಸ್ಥರು, ಇವನನ್ನ ಇಷ್ಟು ದ್ವೇಷಿಸೋ ಮನುಷ್ಯ ಯಾರಪ್ಪಾ ಅಂದ್ರು. ದ್ವೇಷ ಮಾಡೋನು ಮಳೇಲಿ ನಿಂತು ಮೂವತ್ತೆಂಟು ಆಟ ನೋಡ್ತಾನಾ ಸಾರ್ ಅಂದೆ. ಆಗ ನಕ್ಕು, ಕೊನೇಲಿ ಬರ್ಕೋ ಅಂದ್ರು."

ತೊಕುಜಿ ನೊರೆ ಬ್ರಷ್ಷನ್ನು ಅನಗತ್ಯವಾಗಿ ಒಂದೇ ಕೆನ್ನೆಗೆ ಮೂರು ಸಲ ಬಳಿದ.

ಸ್ಕೌಟ್ ಎದ್ದ ಮೇಲೆ ತಕುಮಾ ಕೂತ. ಪೆಲಿಕನ್ಸ್‌ನಲ್ಲಿ ಕೂದಲು ಬಿಡಬಹುದು, ಆದರೂ ಊರು ಬಿಡುವ ಮೊದಲು ಒಂದು ಸಲ ಬೋಳಿಸಿ ಎಂದ. ಆಮೇಲೆ ಕನ್ನಡಿಯಲ್ಲಿ ಮುದುಕನ ಕಣ್ಣು ಹಿಡಿದು ಕೇಳಿದ:

"ಯಜಮಾನ್ರೇ, ಈಗಾದ್ರೂ ಒಂದೇ ಒಂದು ಒಳ್ಳೆ ಮಾತು?"

ಬೆಂಚಿನ ಮೇಲೆ ಒನೊದಾ ಅರ್ಧ ಎದ್ದ. ಸುಮಿಯೆಯ ಕೈ ಸ್ಟೀಮರಿನ ಕಡೆ ಹೋಯಿತು.

"ಒದ್ದೆ ಬಟ್ಟೆ ಒಣಗಿಸಿದ ಹಾಗೆ ಎಸೀತೀಯ" ಎಂದ ತೊಕುಜಿ. "ಇಪ್ಪತ್ತು ವರ್ಷ ಆಡು. ಎಡಗೈ ನೆಟ್ಟಗಿಟ್ಕೊಂಡು ವಾಪಸ್ ಬಾ, ಇದೇ ಕುರ್ಚೀಲಿ ಕೂತ್ಕೋ. ಅವತ್ತು ಹೇಳ್ತೀನಿ."

"ಆಗ ನಿಮಗೆ ತೊಂಬತ್ತೊಂದು ಯಜಮಾನ್ರೇ."

"ಗೊತ್ತು. ನಾಳೆಯಿಂದ ಬೆಳಗ್ಗೆ ವಾಕಿಂಗ್ ಹೋಗ್ತೀನಿ" ಎಂದು ತೊಕುಜಿ ಆ ತಲೆಯನ್ನು ಅಂಗೈಯಲ್ಲಿ ಮುಂದಕ್ಕೆ ಬಗ್ಗಿಸಿ, ಮಷೀನು ಚಾಲೂ ಮಾಡಿದ.